ಪುಣೆಯಲ್ಲಿದ್ದೇನೆ. ಹದಿನೈದು ಸಾವಿರದೊಳಗೆ ಹಳೆಯ ಸಿಸಿಡಿ ಸೆನ್ಸರಿನ ಡಿಜಿಟಲ್ ಕ್ಯಾಮೆರಾಗಳ ಸಂಗ್ರಹ ಶುರು ಮಾಡಬೇಕು. ಯಾವ್ಯಾವ ಮಾಡೆಲ್ ಕೊಳ್ಳಲಿ?

ನಿಮ್ಮ ಈ ಪ್ರಶ್ನೆ ಓದಿದೆ. ಆರು ವರ್ಷದ ಹಿಂದೆ ಇದೇ ಹದಿನೈದು ಸಾವಿರ ಎಣಿಸಿ ಜೇಬಿಗಿಟ್ಟುಕೊಂಡು ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದವನು ನಾನು. ಫಾಸ್ಟ್ ಗಾಡಿ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ನಿಲ್ಲುವುದಿಲ್ಲ. ಅಲ್ಲಿಳಿದು ನಡೆದರೆ ಚೋರ್ ಬಜಾರ್, ಮುಂಬಯಿಯ ಹಳೆ ಸಾಮಾನಿನ ಪೇಟೆ. ಶುಕ್ರವಾರ ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಬೀಗ, ಆದರೆ ಸುತ್ತಲಿನ ಬೀದಿಗಳಲ್ಲಿ ಬೆಳ್ಳಂಬೆಳಗ್ಗೆ ಜುಮ್ಮಾ ಬಜಾರ್ ನೆಲದ ಮೇಲೇ ಹರಡಿಕೊಂಡಿರುತ್ತದೆ. ಚಾರ್ಜರುಗಳ ಸಿಕ್ಕು, ಒಂಟಿ ಬೂಟು, ಮಿಕ್ಸರ್ ಜಾರು, ಇವುಗಳ ನಡುವೆ ಒಂದು ತಾಡಪಾಲಿನ ತುಂಡಿನ ಮೇಲೆ ಕ್ಯಾಮೆರಾಗಳು. ಒಂದಕ್ಕೆ ನಾನೂರು ಹೇಳಿದ, ಮೂರಕ್ಕೆ ಒಂಬೈನೂರು ಕೊಟ್ಟೆ. ಸಂಜೆ ಮನೆಗೆ ಬಂದಾಗ ಅಮ್ಮ ಚೀಲ ಇಣುಕಿ, "ಇದೆಂಥದಾ ಗುಜರಿ, ಮನೆಯಲ್ಲಿರೋದು ಸಾಲದಾ?" ಎಂದಳು. ಎಂಟು ತಿಂಗಳಲ್ಲಿ ಹನ್ನೆರಡಾದವು.

ನನ್ನ ಹುಚ್ಚಿನ ಮೂಲ ಸೋದರಮಾವನ ಮಾವಿಕಾ ಕ್ಯಾಮೆರಾ. ಸೋನಿಯವರು 1997ರಲ್ಲಿ ಮಾರುಕಟ್ಟೆಗೆ ಬಿಟ್ಟ ಎಫ್‌ಡಿ7, ಇಟ್ಟಿಗೆಯಷ್ಟು ದಪ್ಪ. ಕಾರ್ಡಿನ ಬದಲು ಅದರ ಹೊಟ್ಟೆಗೆ 1.44 ಎಂಬಿಯ ಫ್ಲಾಪಿಯನ್ನೇ ತುರುಕಬೇಕು. ಫೋಟೋ 640×480, ಒಂದು ಫ್ಲಾಪಿಗೆ ಒಳ್ಳೆಯ ಗುಣಮಟ್ಟದಲ್ಲಿ ಹದಿನೈದಿಪ್ಪತ್ತು. ಪ್ರತಿ ಸಲ ಕ್ಲಿಕ್ಕಿಸಿದಾಗಲೂ ಫ್ಲಾಪಿ ಗರಗರ ತಿರುಗಿ ಬರೆದು ಮುಗಿಸುವವರೆಗೆ ಕಾಯಬೇಕು. ಆದರೆ ಝೂಮ್ ಹತ್ತು ಪಟ್ಟು! ಮಾವ ಆಗ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಮ್ಯಾನೇಜರ್. ಹಡಗಿನಲ್ಲಿ ಕೆಲಸಕ್ಕಿದ್ದ ಊರಿನ ಗೆಳೆಯ ತಂದುಕೊಟ್ಟದ್ದಂತೆ. ಮಳೆಗಾಲಕ್ಕೆ ಊರಿನ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಮುಂಬಯಿಗೆ ಆಟ ಆಡಲು ಬರುತ್ತಾರಲ್ಲ, ಆಗ ಮಾಟುಂಗಾದ ಸಭಾಗೃಹಗಳಲ್ಲಿ ಹಿಂದಿನ ಸಾಲಿನಿಂದಲೇ ಝೂಮ್ ಎಳೆದು ಫೋಟೋ ಹೊಡೆಯುತ್ತಿದ್ದ. ಫ್ಲಾಪಿಗಳನ್ನು ಒಯ್ಯುತ್ತಿದ್ದದ್ದು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ. ಕೆಲಸ ಬಿಟ್ಟು ಊರು ಸೇರುವಾಗ ಕ್ಯಾಮೆರಾ, 31 ಫ್ಲಾಪಿ, ಟಿಫಿನ್ ಡಬ್ಬಿ ಮೂರನ್ನೂ ನನಗೆ ಕೊಟ್ಟು, "ಮಾಣಿ, ಇದನ್ನು ಒಳಗಿಟ್ಟು ಮರೀಬೇಡ, ಆಗಾಗ ಚಾಲೂ ಮಾಡು" ಎಂದಿದ್ದ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಕಟ್ಟಡ ಹಳೆಯದು. ಜುಲೈನಲ್ಲಿ ಕಪಾಟಿನ ಹಿಂದಿನ ಗೋಡೆ ಒಸರತೊಡಗಿತು. ಕ್ಯಾಮೆರಾಗಳಿಗೆ ಫಂಗಸ್ ಬಂದೀತೆಂದು ಹೆದರಿ, ಅಕ್ಕಿ ತುಂಬಿಡುವ ಗಾಳಿಯಾಡದ ಡಬ್ಬಿಯೊಂದನ್ನು ತಂದೆ, 25 ಲೀಟರಿನದು. ಹನ್ನೊಂದು ಕ್ಯಾಮೆರಾ ಒಳಗೆ. ಏಳಕ್ಕೆ ಅವುಗಳದೇ ಚರ್ಮದ ಪೌಚ್ ಇತ್ತು, ಪೌಚಿನೊಂದಿಗೇ ಇಟ್ಟೆ. ಫ್ಲಾಪಿಗಳನ್ನು ಟಿಫಿನ್ ಡಬ್ಬಿಯಿಂದ ತೆಗೆದು, ಮೆತ್ತಗಿರಲಿ ಎಂದು ಬಟ್ಟೆಯ ಚೀಲಕ್ಕೆ ಹಾಕಿ ಅದನ್ನೂ ತುರುಕಿದೆ. ಮೇಲೆ ಇನ್ನೂರು ಗ್ರಾಂ ಸಿಲಿಕಾ ಜೆಲ್. ಮುಚ್ಚಳದ ಸುತ್ತ ಟೇಪು. ಹೊರಗೆ ಧೋ ಎಂದು ಮಳೆ. ಡಬ್ಬಿ ಅಟ್ಟಕ್ಕೆ ಹೋಯಿತು. ಕೆಲಸದ ಗಡಿಬಿಡಿಯಲ್ಲಿ ದೀಪಾವಳಿಯ ಧೂಳು ಹೊಡೆಯುವವರೆಗೆ ಅತ್ತ ತಿರುಗಿ ನೋಡಲಿಲ್ಲ.

ತೆರೆದಾಗ ಮೊದಲು ಬಂದದ್ದು ವಾಸನೆ. ಒದ್ದೆ ಚಪ್ಪಲಿ ಗೋಣಿಯಲ್ಲಿಟ್ಟಂಥದ್ದು. ಪೌಚುಗಳ ಮೇಲೆ ಬಿಳಿ ಬೂಷ್ಟು. ಲೆನ್ಸಿಗೆ ಟಾರ್ಚ್ ಹಿಡಿದರೆ ಒಳಗೆ ಜೇಡರ ಬಲೆಯಂಥ ಎಳೆಗಳು. ಏಳು ಕ್ಯಾಮೆರಾಗಳಿಗೆ ಹಿಡಿದಿತ್ತು, ಅದರಲ್ಲಿ ಮೂರರೊಳಗೆ ನಾನು ತೆಗೆಯಲು ಮರೆತ ಪೆನ್ಸಿಲ್ ಸೆಲ್‌ಗಳು ಸೋರಿ ಸ್ಪ್ರಿಂಗುಗಳು ಹಸಿರಾಗಿದ್ದವು. ಮಾವನ ಮಾವಿಕಾ ಆ ಏಳರಲ್ಲಿ ಒಂದು. 31 ಫ್ಲಾಪಿಗಳಲ್ಲಿ 23ರ ತಗಡಿನ ಬಾಗಿಲು ಸರಿಸಿದರೆ ಒಳಗಿನ ಕಪ್ಪು ತಟ್ಟೆಯ ಮೇಲೆ ಬೂದುಬಣ್ಣದ ಚುಕ್ಕೆ.

ಸಿಲಿಕಾ ಜೆಲ್ ಹಾಕಿದ್ದೆನಲ್ಲ? ಹಾಕಿದ್ದೆ, ಆದರೆ ಅದು ಗುಲಾಬಿ ಬಣ್ಣದ್ದಾಗಿತ್ತು. ನೀಲಿ ಹರಳು ಎಂದರೆ ಒಣಗಿದ್ದು, ಗುಲಾಬಿಗೆ ತಿರುಗಿತೆಂದರೆ ಹೊಟ್ಟೆ ತುಂಬಿದ್ದು, ಇನ್ನು ಹೀರುವುದಿಲ್ಲ. ನಾನು ಪ್ಯಾಕೆಟ್ ಒಡೆದು ಹದಿನೈದು ದಿನ ಮೇಜಿನ ಮೇಲೆ ಬಿಟ್ಟಿದ್ದೆ, ಅಷ್ಟರಲ್ಲಿ ಅದು ಗುಲಾಬಿಯಾಗಿತ್ತು. ಅಂಗಡಿಯವನು ಎರಡು ಬಣ್ಣ ಬೆರೆಸಿ ಕೊಟ್ಟಿರಬೇಕು ಎಂದುಕೊಂಡೆ. ಓದಿದವನು ನಾನು, ಇಂಜಿನಿಯರು ಬೇರೆ!

ಎರಡು ವರ್ಷ ಅದನ್ನೇ ನನ್ನ ತಪ್ಪು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ಪ್ರಶ್ನೆ ಕೊರೆಯಲು ಶುರುವಾಯಿತು. ಪೌಚಿಲ್ಲದೆ ಬರಿಮೈಯಲ್ಲಿದ್ದ ನಾಲ್ಕು ಕ್ಯಾಮೆರಾಗಳಿಗೆ ಏನೂ ಆಗಿರಲಿಲ್ಲ. ಅದೇ ಡಬ್ಬಿ, ಅದೇ ಗಾಳಿ, ಅದೇ ಗುಲಾಬಿ ಹರಳು. ಹಾಗಾದರೆ?

ಲೆಕ್ಕ ಹಾಕಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಪೂರ್ತಿ ತೇವಗೊಂಡರೂ ಅದರಲ್ಲಿರುವ ನೀರು ಸುಮಾರು 30 ಗ್ರಾಂ. ಅಂದರೆ 25 ಲೀಟರಿನ ಡಬ್ಬಿಯ ಗಾಳಿಯಲ್ಲಿ ಒಂದು ಗ್ರಾಂ ಕೂಡ ಇಲ್ಲ. ಮಳೆಯ ದಿನ ಮುಚ್ಚಿದೆ ಎಂದು ನಾನು ಕೊರಗಿದ್ದು ಮುಕ್ಕಾಲು ಗ್ರಾಂ ನೀರಿಗಾಗಿ. ಮುಂದಿನ ಜುಲೈನಲ್ಲಿ ಏಳೂ ಪೌಚುಗಳನ್ನು ಒಟ್ಟಿಗೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ, 640 ಗ್ರಾಂ. ಬಿಸಿಲು ಬಂದ ಮೇಲೆ ಎರಡು ದಿನ ಗಚ್ಚಿಯ ಮೇಲೆ ಒಣಗಿಸಿ ತೂಗಿದೆ, 560. ಎಂಬತ್ತು ಗ್ರಾಂ ನೀರು, ಅದೂ ಕೈಗೆ ಒದ್ದೆ ಎಂದೇ ತಿಳಿಯದ ಚರ್ಮದೊಳಗೆ! ಆ ಬಟ್ಟೆಯ ಚೀಲದಲ್ಲಿ, ಜೊತೆಗಿಟ್ಟಿದ್ದ ಕಾಗದದ ಕೈಪಿಡಿಗಳಲ್ಲಿ ಇದ್ದದ್ದು ಬೇರೆ. ಒಣ ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಪಾಲು ನೀರು ಹೀರಿದರೆ ಹೆಚ್ಚು. ಅಂದರೆ ಇನ್ನೂರು ಗ್ರಾಂ ಕಡುನೀಲಿ ಹರಳನ್ನೇ ಹಾಕಿದ್ದರೂ ಸಾಲುತ್ತಿರಲಿಲ್ಲ. ನೀರಿನ ತೊಟ್ಟಿಯನ್ನು ನಾನೇ ಒಳಗಿಟ್ಟು, ಮುಚ್ಚಳ ಬಿಗಿದು, ಟೇಪು ಸುತ್ತಿದ್ದೆ. ಗಾಳಿಯಾಡದ ಡಬ್ಬಿ ಹೊರಗಿನ ತೇವವನ್ನು ತಡೆದಷ್ಟೇ ನಿಷ್ಠೆಯಿಂದ ಒಳಗಿನದನ್ನೂ ಹಿಡಿದಿಟ್ಟಿತು. ಬೂಷ್ಟಿಗೆ ಚರ್ಮವೇ ಊಟ, ಚರ್ಮವೇ ನೀರು, ಮಗ್ಗುಲಲ್ಲೇ ಲೆನ್ಸು.

ಸಂಗ್ರಹಕಾರರು ಒರಿಜಿನಲ್ ಪೌಚ್, ಒರಿಜಿನಲ್ ಪೆಟ್ಟಿಗೆ ಎಂದು ಬಾಯಿ ಬಿಡುತ್ತಾರೆ. ನೀವು ಪೌಚನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಪುಣೆಯ ಮಳೆ ಮುಂಬಯಿಯಷ್ಟು ಕೆಟ್ಟದ್ದಲ್ಲ ಎಂದು ವಾದ ಮಾಡಬೇಡಿ, ಜುಲೈ ಎಲ್ಲ ಕಡೆಯೂ ಜುಲೈಯೇ. (ಗುಲಾಬಿ ಹರಳನ್ನು ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ವಿಷ. ದೋಸೆ ಹೆಂಚಿನ ಮೇಲೆ ಹುರಿಯಬೇಡಿ. ಕಿತ್ತಳೆ ಬಣ್ಣದ್ದು ಸಿಗುತ್ತದೆ, ಅದನ್ನು ತನ್ನಿ.)

ಹನ್ನೆರಡನೆಯ ಕ್ಯಾಮೆರಾ ಎಲ್ಲಿತ್ತು ಎಂದು ಕೇಳುತ್ತೀರಾ? ದೊಡ್ಡಮ್ಮನ ಮೊಮ್ಮಗಳು ಕಾಲೇಜಿಗೆಂದು ಒಯ್ದಿದ್ದಳು. ನಿಕಾನ್ ಕೂಲ್‌ಪಿಕ್ಸ್ 950, 1999ರದು, ಎರಡು ಮೆಗಾಪಿಕ್ಸೆಲ್. ನಡುವಿನಲ್ಲಿ ತಿರುಚಿದರೆ ಲೆನ್ಸು ಒಂದು ಕಡೆ, ಪರದೆ ಒಂದು ಕಡೆ. ನಾನು ಅದನ್ನು ಮಗುವಿನ ಹಾಗೆ ಒರೆಸಿ ಇಡುತ್ತಿದ್ದೆ. ಅವಳು ಛತ್ರಿ, ಪುಸ್ತಕ, ವಡಾಪಾವ್ ಜೊತೆ ಚೀಲದಲ್ಲಿ ಹಾಕಿಕೊಂಡು ಇಡೀ ಮಳೆಗಾಲ ಲೋಕಲ್‌ನಲ್ಲಿ ಓಡಾಡಿದಳು. ಏನೂ ಆಗಿಲ್ಲ. ಎರಡು ಸೆಂಟಿಮೀಟರ್ ಹತ್ತಿರದಿಂದ ತೆಗೆಯಬಲ್ಲ ಕ್ಯಾಮೆರಾ ಅದು. ಅಬ್ಬಲಿಗೆ ಹೂವಿನ ಮೇಲಿನ ಇರುವೆಯ ಫೋಟೋ ಕಳಿಸಿದ್ದಳು, ನನ್ನ ಹೊಸ ಮೊಬೈಲಿನಲ್ಲಿ ಇವತ್ತಿಗೂ ಅಂಥದ್ದು ಬಂದಿಲ್ಲ.

ಆದ್ದರಿಂದ "ಸಂಗ್ರಹ ಶುರು ಮಾಡಬೇಕು" ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಒಂದು ಸಾಕು. ಎರಡನೆಯದು ಬಂದ ದಿನ ಮೊದಲನೆಯದು ಕಪಾಟು ಸೇರುತ್ತದೆ, ಕಪಾಟು ಸೇರಿದ್ದು ಸಾಯುತ್ತದೆ.

ಇನ್ನು ಸಿಸಿಡಿ, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಒಂದು ಹಳೆಯ ಬಗೆ. ಈ ಮೂರಕ್ಷರದ ಮೇಲೆ ಈಗ ನಡೆಯುತ್ತಿರುವ ವ್ಯಾಪಾರ ನೋಡಿದರೆ ಮೈಯುರಿಯುತ್ತದೆ. ನಾನು ನಾನೂರಕ್ಕೆ ತಂದಂಥ ಕ್ಯಾಮೆರಾಕ್ಕೆ ಈಗ ಇನ್‌ಸ್ಟಾಗ್ರಾಮಿನಲ್ಲಿ ನಾಲ್ಕು ಸಾವಿರ ಕೇಳುತ್ತಾರೆ, ಸಿಸಿಡಿ ಎಂದು ದೊಡ್ಡದಾಗಿ ಬರೆದು. ಸೆನ್ಸರಿಗೆ ತಾನಾಗಿ ಬಣ್ಣ ಕಾಣಿಸುವುದೇ ಇಲ್ಲ, ಅದು ಸಿಸಿಡಿ ಇರಲಿ, ಈಗಿನ ಮೊಬೈಲುಗಳಲ್ಲಿರುವ ಸಿಮಾಸ್ ಇರಲಿ. ಮೇಲೆ ಕೂರಿಸಿದ ಬಣ್ಣದ ಫಿಲ್ಟರು ಮತ್ತು ಕ್ಯಾಮೆರಾದೊಳಗೆ ಜೇಪೆಗ್ ಮಾಡುವ ಲೆಕ್ಕಾಚಾರ ಬಣ್ಣವನ್ನು ತೀರ್ಮಾನಿಸುತ್ತವೆ. ನಿಮಗೆ ಇಷ್ಟವಾಗುವ ಆ ಹಳೆಯ ಕಳೆ ಬರುವುದು ಮುಖಕ್ಕೆ ರಪ್ಪನೆ ಬಡಿಯುವ ಝೆನಾನ್ ಫ್ಲಾಶಿನಿಂದ, ಬೆಳ್ಳಗೆ ಸುಟ್ಟುಹೋಗುವ ಆಕಾಶದಿಂದ, ಮೊಬೈಲಿನ ಹಾಗೆ ಹತ್ತು ಫ್ರೇಮ್ ಬೆರೆಸಿ ತಿದ್ದುವ ಬುದ್ಧಿ ಅದಕ್ಕೆ ಇಲ್ಲದಿರುವುದರಿಂದ. ಸಿಮಾಸ್ ಏನೂ ನಿನ್ನೆ ಮೊನ್ನೆಯದಲ್ಲ, ಕ್ಯಾನನ್ ಡಿ30 2000ದಲ್ಲೇ ಸಿಮಾಸ್ ಸೆನ್ಸರಿನೊಂದಿಗೆ ಬಂದಿತ್ತು.

ಸಿಸಿಡಿಗೆ ಅದರದೇ ಒಂದು ರೋಗವೂ ಇದೆ. 2003ರ ಆಸುಪಾಸಿನಲ್ಲಿ ತಯಾರಾದ ಕೆಲವು ಸಿಸಿಡಿಗಳು ಬಿಸಿ ಮತ್ತು ತೇವದ ಹವೆಯಲ್ಲಿ ಒಳಗಿನ ಸಂಪರ್ಕ ಬಿಟ್ಟುಕೊಂಡು ಕೆಡುತ್ತವೆ ಎಂದು 2005ರ ಅಕ್ಟೋಬರಿನಲ್ಲಿ ಹಲವು ಕಂಪನಿಗಳು ಒಟ್ಟೊಟ್ಟಿಗೇ ಪ್ರಕಟಿಸಿ, ಪುಕ್ಕಟೆ ರಿಪೇರಿ ಮಾಡಿಕೊಟ್ಟವು. ಬಿಸಿ ಮತ್ತು ತೇವ, ಅಂದರೆ ನಮ್ಮೂರೇ! ಪರದೆಯಲ್ಲಿ ನೇರಳೆ ಗೆರೆಗಳು ಓಡಾಡಿದರೆ, ಚಿತ್ರ ನೀರಿನಲ್ಲಿ ಅಲುಗಿದಂತೆ ಕಂಡರೆ, ಅಥವಾ ಮೆನು ಸರಿಯಿದ್ದು ಚಿತ್ರ ಮಾತ್ರ ಕಪ್ಪಾಗಿದ್ದರೆ ಅದೇ ರೋಗ. "ಸೆಲ್ ವೀಕ್ ಇದೆ, ಅದಕ್ಕೇ ಹಾಗೆ" ಎನ್ನುತ್ತಾರೆ. ನಂಬಿ ಒಂದು ಕೊಂಡಿದ್ದೇನೆ, ಈಗ ಅದು ಕಾಗದ ಹಾರದಂತೆ ಒತ್ತಿಡಲು ಇದೆ.

ಕಡೆಗೂ ಒಂದು ಕೊಂಡೇ ತೀರುತ್ತೇನೆ ಎಂದರೆ ಮಾಡೆಲ್ ನೋಡಬೇಡಿ, ಸೆಲ್ಲು ಮತ್ತು ಕಾರ್ಡು ನೋಡಿ. ಪೆನ್ಸಿಲ್ ಸೆಲ್ ಹಿಡಿಯುವಂಥದ್ದು, ಸಿಎಫ್ (ಕಾಂಪ್ಯಾಕ್ಟ್ ಫ್ಲಾಶ್) ಅಥವಾ ಎಸ್‌ಡಿ ಕಾರ್ಡು ಹಾಕುವಂಥದ್ದು. ಸ್ಮಾರ್ಟ್‌ಮೀಡಿಯಾ ಕೇಳುವ ಹಳೆಯ ಒಲಿಂಪಸ್, ಫ್ಯೂಜಿಗಳ ಚಿತ್ರ ಚಂದವೇ, ಆದರೆ ಆ ಕಾರ್ಡು 128 ಎಂಬಿ ದಾಟಲೇ ಇಲ್ಲ, ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದರೆ ಕ್ಯಾಮೆರಾ ಅದನ್ನು ಗುರುತಿಸದೇ ಹೋಗುವುದೂ ಉಂಟು. ಎಕ್ಸ್‌ಡಿ ಕಾರ್ಡು 2 ಜಿಬಿಗೆ ನಿಂತಿತು. ಎಸ್‌ಡಿ ಕ್ಯಾಮೆರಾ ಆದರೂ 2006ಕ್ಕಿಂತ ಹಿಂದಿನದಾದರೆ 2 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡೇ ಬೇಕು, ಮನೆಯಲ್ಲಿರುವ 32 ಜಿಬಿಯದನ್ನು ಅದು ಮೂಸಿಯೂ ನೋಡುವುದಿಲ್ಲ. ಸಿಎಫ್ ಕಾರ್ಡನ್ನು ಮಾತ್ರ ಜೋರಾಗಿ ನೂಕಬೇಡಿ, ಒಳಗೆ ಕೂದಲೆಳೆಯಂಥ ಐವತ್ತು ಪಿನ್ನುಗಳಿವೆ. ಸೆಲ್ಲು ರೀಚಾರ್ಜಿನ ನಿಕಲ್ ಮೆಟಲ್ ಹೈಡ್ರೈಡ್‌ನದೇ ಇರಲಿ. ಗೋಡೆ ಗಡಿಯಾರದ ಸೆಲ್ ಹಾಕಿದರೆ ಲೆನ್ಸು ಅರ್ಧ ಹೊರಬಂದು ನಿಂತುಬಿಡುತ್ತದೆ. ವಿಚಿತ್ರವೆಂದರೆ ಮಾವನ ಮಾವಿಕಾಕ್ಕೆ ಹಾಕುವ ಎನ್‌ಪಿ-ಎಫ್ ಬ್ಯಾಟರಿ ಇವತ್ತಿಗೂ ಹೊಸದೇ ಸಿಗುತ್ತದೆ, ಮದುವೆ ವಿಡಿಯೋದವರ ಎಲ್‌ಇಡಿ ದೀಪಗಳಿಗೆ ಅದೇ ಬೇಕು. ಬೋರಾ ಬಜಾರಿನಲ್ಲಿ ಕೇಳಿದ ಕೂಡಲೇ ಕೊಟ್ಟರು.

ಹಾಳಾದದ್ದನ್ನು ನೀವೇ ಬಿಚ್ಚಲು ಹೋಗಬೇಡಿ. ಫ್ಲಾಶಿನ ಕೆಪಾಸಿಟರ್ ಸುಮಾರು ಮುನ್ನೂರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಸೆಲ್ ತೆಗೆದ ಮೇಲೂ. ನನ್ನ ಹೆಬ್ಬೆರಳಿಗೆ ಗೊತ್ತು.

ಅದಕ್ಕೂ ಮೊದಲು ಸೋದರತ್ತೆ, ಚಿಕ್ಕಪ್ಪ, ದೊಡ್ಡಪ್ಪಂದಿರಿಗೆ ಫೋನ್ ಮಾಡಿ. ಇಪ್ಪತ್ತು ವರ್ಷದ ಹಿಂದೆ ಗಲ್ಫಿನಿಂದಲೋ ಅಮೆರಿಕದಿಂದಲೋ ಯಾರೋ ತಂದುಕೊಟ್ಟ ಕ್ಯಾಮೆರಾ ಒಬ್ಬರಲ್ಲದಿದ್ದರೆ ಒಬ್ಬರ ಬೀರುವಿನಲ್ಲಿ ಸೀರೆಗಳ ಕೆಳಗೆ ಇದ್ದೇ ಇರುತ್ತದೆ. ಹದಿನೈದು ಸಾವಿರ ಉಳಿಯಿತು, ಒಳಗಿನ ಕಾರ್ಡಿನಲ್ಲಿ ನಿಮ್ಮದೇ ನಾಮಕರಣದ ಫೋಟೋ ಸಿಕ್ಕರೂ ಸಿಕ್ಕೀತು. ಸಿಗಲಿಲ್ಲವೋ, ಬುಧವಾರ ಅಥವಾ ಭಾನುವಾರ ನಿಮ್ಮದೇ ಜೂನಾ ಬಜಾರಿಗೆ ಹೋಗಿ. ಜೇಬಿನಲ್ಲಿ ನಾಲ್ಕು ಚಾರ್ಜಾದ ಸೆಲ್, ಒಂದು ಚಿಕ್ಕ ಸಿಎಫ್, ಒಂದು 2 ಜಿಬಿ ಎಸ್‌ಡಿ, ಒಂದು ಟಾರ್ಚು. ಅಲ್ಲೇ ಹಾಕಿ, ಅಲ್ಲೇ ಒಂದು ಫೋಟೋ ತೆಗೆದು, ಝೂಮ್ ಎರಡು ಸಲ ಹಿಂದೆ ಮುಂದೆ ಓಡಿಸಿ, ಲೆನ್ಸಿಗೆ ಓರೆಯಾಗಿ ಟಾರ್ಚು ಹಿಡಿದು ನೋಡಿ. ಮಾರುವವನು ಹಾಗೆ ನೋಡಲು ಬಿಡದಿದ್ದರೆ ಮುಂದಿನ ಗಾಡಿಗೆ ನಡೆಯಿರಿ.

ಹೋದಾಗ ನನ್ನದೊಂದು ಕೆಲಸ ಮಾಡಿಕೊಡಿ. ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವ್ ಕಂಡರೆ, ಬಣ್ಣ ಹೋಗಿದ್ದರೂ ಸರಿ, ಎತ್ತಿಟ್ಟು ಇಲ್ಲೇ ಕೆಳಗೆ ತಿಳಿಸಿ, ದುಡ್ಡು ಕಳಿಸುತ್ತೇನೆ. ಬೂಷ್ಟು ಹಿಡಿದ ಫ್ಲಾಪಿ ಹಾಕಿದರೆ ಡ್ರೈವಿನ ಹೆಡ್ಡಿಗೆ ಅದು ಮೆತ್ತಿಕೊಳ್ಳುತ್ತದೆ, ಒಂದನ್ನು ಈಗಾಗಲೇ ಬಲಿ ಕೊಟ್ಟೆ. ಇನ್ನೂ 22 ಫ್ಲಾಪಿಗಳಿವೆ. ಮಾವ ಫೋನ್ ಮಾಡಿದಾಗೆಲ್ಲ ಮಾಟುಂಗಾದ ಆ ಕರ್ಣನ ವೇಷದ ಫೋಟೋ ಸಿಕ್ಕಿತಾ ಎಂದು ಕೇಳುತ್ತಾನೆ.