ಕಮಿನೊ ಯಾತ್ರೆಗೆ ಎತ್ತರದ ಬೂಟು ಬೇಕೇ, ಹಗುರವಾದ ಶೂ ಸಾಕೇ?

ಮೇ ತಿಂಗಳಿನಲ್ಲಿ ಕಮಿನೊ ಎಂಬ ಕ್ರೈಸ್ತ ಯಾತ್ರೆಯ ದಾರಿಯಲ್ಲಿ ಫ್ರಾನ್ಸಿನ ಗಡಿಯಿಂದ ಸ್ಪೇನಿನ ಸಾಂತಿಯಾಗೊವರೆಗೆ ನಡೆಯಲು ಹೊರಟಿರುವ ನೀವು, ನೀರು ಒಳಗಿಳಿಯದ ಎತ್ತರದ ಬೂಟು ಕೊಳ್ಳಬೇಕೋ ಹಗುರವಾದ ಶೂ ಸಾಕೋ, ಬೆನ್ನುಚೀಲದಲ್ಲಿ ಏನೇನಿರಬೇಕು ಎಂದು ಕೇಳಿದ್ದೀರಿ. ಆ ದಾರಿಯನ್ನು ನಡೆದು ಮುಗಿಸಿದವನಾಗಿ ಹೇಳುವುದಾದರೆ, ಪಾದ ಅಥವಾ ಕಣಕಾಲಿನ ಹಳೆಯ ತೊಂದರೆಯೇನೂ ಇಲ್ಲದಿದ್ದರೆ ಗಾಳಿಯಾಡುವ, ಹಗುರವಾದ ಟ್ರೇಲ್ ಶೂ, ಅಂದರೆ ಮಣ್ಣುಕಲ್ಲಿನ ಹಾದಿಗೆಂದು ಮಾಡಿದ ಗಿಡ್ಡ ಶೂ, ಸಾಕು.

ಎತ್ತರದ ಬೂಟಿನ ಕಡೆಗೆ ಮನಸ್ಸು ವಾಲುವುದಕ್ಕೆ ಮೊದಲ ದಿನದ ಚಿತ್ರಗಳೇ ಕಾರಣವೆಂದು ನನ್ನ ಅಂದಾಜು. ಯಾತ್ರೆ ಶುರುವಾಗುವ ಫ್ರಾನ್ಸಿನ ಸಾಂ ಜಾಂ ಪಿಯೆ ದ ಪೋರ್ ಊರಿನಿಂದ ಸ್ಪೇನಿನ ರೊನ್ಸೆಸ್ವಾಯೆಸ್‌ಗೆ ಹೋಗುವ ದಾರಿ ಸುಮಾರು 170 ಮೀಟರ್ ಎತ್ತರದಿಂದ 1,400 ಮೀಟರ್ ದಾಟಿ ಪಿರೆನೀಸ್ ಪರ್ವತವನ್ನು ಹಾಯುತ್ತದೆ. ಆದರೆ ಸುಮಾರು 780 ಕಿಲೋಮೀಟರ್‌ಗಳ ಇಡೀ ಹಾದಿಯಲ್ಲಿ ನಿಜಕ್ಕೂ ಕಲ್ಲುಗಳ ನಡುವೆ ಕಾಲಿಡಲು ಜಾಗ ಹುಡುಕಬೇಕಾದ ಇಳಿಜಾರುಗಳು ಕೆಲವೇ: ಸುಬಿರಿ ಊರಿಗೆ ಇಳಿಯುವುದು, ಆಲ್ತೊ ದೆಲ್ ಪೆರ್ದೋನ್ ಬೆಟ್ಟದ ಆಚೆಯ ಇಳಿತ, ಕ್ರೂಸ್ ದೆ ಫೆರ್ರೊ ಎಂಬ ಕಬ್ಬಿಣದ ಶಿಲುಬೆಯನ್ನು ದಾಟಿದ ಮೇಲೆ ಮೊಲಿನಾಸೆಕಾ ಊರಿಗೆ ಇಳಿಯುವ ದಾರಿ. ಉಳಿದದ್ದರಲ್ಲಿ ಬಹುಪಾಲು ಗಟ್ಟಿ ಮಣ್ಣು, ಜಲ್ಲಿ ಮತ್ತು ಡಾಂಬರು. ಅಂತಹ ನೆಲದಲ್ಲಿ ಪಾದ ಉಳುಕುವುದಕ್ಕಿಂತ ಹೆಚ್ಚಾಗಿ ಬಿಸಿಯಾಗುತ್ತದೆ, ಬೆವರುತ್ತದೆ, ಊದುತ್ತದೆ. ನಾಳೆ ಬೆಳಿಗ್ಗೆ ಅದೇ ಪಾದದಲ್ಲಿ ಮತ್ತೆ ಇಪ್ಪತ್ತೈದು ಕಿಲೋಮೀಟರ್ ನಡೆಯಬೇಕಾಗುತ್ತದೆ. ಆದ್ದರಿಂದ ಶೂವನ್ನು ಆ ಮೂರು ಇಳಿಜಾರುಗಳಿಗಾಗಿ ಅಲ್ಲ, ಬುರ್ಗೋಸ್ ಮತ್ತು ಲೆಯೋನ್ ನಡುವಿನ ಮೆಸೆತಾ ಬಯಲಿನ ನೆರಳಿಲ್ಲದ ಮಧ್ಯಾಹ್ನಗಳಿಗಾಗಿ ಆರಿಸಬೇಕು. ಕಾಲಿಗೆ ಕಟ್ಟಿಕೊಂಡ ತೂಕವು ಬೆನ್ನಿಗೆ ಹೊತ್ತ ಅಷ್ಟೇ ತೂಕಕ್ಕಿಂತ ಹಲವು ಪಟ್ಟು ಶ್ರಮ ಕೊಡುತ್ತದೆ ಎಂಬುದನ್ನೂ ಮರೆಯಬಾರದು. (ಮೊದಲ ದಿನದ ಆ ಪಿರೆನೀಸ್ ದಾರಿಯನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿರುತ್ತಾರೆ, ಚಳಿಗಾಲದಲ್ಲಿ ಹೊರಡುವವರ ಲೆಕ್ಕವೇ ಬೇರೆ.)

ನೀರು ತಡೆಯುವ ಪದರವಿರುವ ಶೂ ಮೊದಲ ಒಂದೆರಡು ಗಂಟೆಗಳ ಮಳೆಯಲ್ಲಿ ಸುಖವಾಗಿಯೇ ಇರುತ್ತದೆ. ಮಳೆ ಮುಂದುವರಿದರೆ ನೀರು ಕಾಲಿನ ಮೇಲಿಂದ ಹರಿದು ಶೂವಿನ ಬಾಯಿಯ ಮೂಲಕ ಒಳಗಿಳಿಯುತ್ತದೆ. ಹೊರಗಿನ ನೀರನ್ನು ತಡೆದ ಪದರವೇ ಆಗ ಒಳಗಿನ ನೀರನ್ನೂ ಹಿಡಿದಿಡುತ್ತದೆ. ಜಾಲರಿ ಬಟ್ಟೆಯ ಶೂ ಬೇಗ ನೆನೆಯುತ್ತದೆ, ಆದರೆ ನಡೆಯುತ್ತಿರುವಾಗಲೇ ಆರಲು ತೊಡಗುತ್ತದೆ. ದಾರಿಯ ಕೊನೆಗೆ ಬರುವ ಗಲೀಸಿಯಾ ಪ್ರಾಂತ್ಯದಲ್ಲಿ ಮಳೆ ಯಾವಾಗ ಬೇಕಾದರೂ ಬರಬಹುದು; ಅಲ್ಲಿ ಸಂಜೆ ಶೂವಿನೊಳಗೆ ಹಳೆಯ ದಿನಪತ್ರಿಕೆಯನ್ನು ತುರುಕಿಡುವುದು ಯಾತ್ರಿಕರೆಲ್ಲರೂ ಬಲ್ಲ ಉಪಾಯ.

ಅಳತೆಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ದಿನವಿಡೀ ನಡೆದ ಪಾದ ಬೆಳಗಿನದಕ್ಕಿಂತ ದೊಡ್ಡದಾಗಿರುವುದರಿಂದ ಅಂಗಡಿಗೆ ಸಂಜೆಯ ಹೊತ್ತು ಹೋಗಿ, ಯಾತ್ರೆಯಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎದ್ದು ನಿಂತು ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು, ಆದರೆ ಹಿಮ್ಮಡಿ ಮೇಲೆ ಕೆಳಗೆ ಜಾರಬಾರದು. ಮುಂದೆ ಜಾಗವಿಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳುಗಳು ಶೂವಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ. ಹೊಸ ಶೂವನ್ನು ಹೊರಡುವ ಮೊದಲು ತುಂಬಿದ ಚೀಲದೊಂದಿಗೆ ಕೆಲವು ವಾರ ನಡೆದು ಪಳಗಿಸಿ. ಹಾಗೆಂದು ಕಳೆದ ವರ್ಷದ ಸವೆದ ಶೂವನ್ನು ಒಯ್ಯಬೇಡಿ. ಇಂತಹ ಶೂಗಳ ಅಟ್ಟೆಯ ಮೆತ್ತನೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್‌ಗಳಲ್ಲಿ ಕುಸಿಯುತ್ತದೆ, ನಿಮ್ಮ ದಾರಿಯೇ ಹೆಚ್ಚುಕಡಿಮೆ ಅಷ್ಟಿದೆ.

ಶೂವಿನಷ್ಟೇ ಗಮನ ಕಾಲುಚೀಲಕ್ಕೂ ಸಲ್ಲಬೇಕು. ಒಳಗೆ ಮೂಳೆ ಮುಂದಕ್ಕೆ ಹಿಂದಕ್ಕೆ ಚಲಿಸುತ್ತಿರುವಾಗ ಹೊರಗೆ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಂತರೆ, ಚರ್ಮದ ಪದರಗಳ ನಡುವೆ ಎಳೆತವುಂಟಾಗಿ ಅವು ಬಿಟ್ಟುಕೊಂಡು ನೀರು ತುಂಬುತ್ತದೆ. ಬೊಬ್ಬೆ ಏಳುವುದು ಹೀಗೆ. ಒದ್ದೆ ಚರ್ಮ ಹೆಚ್ಚು ಅಂಟುತ್ತದೆ, ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಹತ್ತಿ ಬೇಡ, ಮೆರಿನೊ ಉಣ್ಣೆಯ ಮೂರು ಜೊತೆ ಇರಲಿ. ಬೆರಳುಗಳ ನಡುವೆ ಬೊಬ್ಬೆ ಏಳುವವರು ಬೆರಳು ಬೆರಳಿಗೂ ಗೂಡಿರುವ ತೆಳುವಾದ ಕಾಲುಚೀಲವನ್ನು ಒಳಗೆ ಧರಿಸಬಹುದು. ನಡುದಾರಿಯಲ್ಲಿ ಒಮ್ಮೆ ಶೂ ಬಿಚ್ಚಿ, ಪಾದ ಆರಿಸಿ, ಕಾಲುಚೀಲ ಬದಲಿಸಿ. ಎಲ್ಲಿಯಾದರೂ ಉರಿ ಕಂಡರೆ ಮುಂದಿನ ಊರು ಬರಲಿ ಎಂದು ಕಾಯದೆ ಅಲ್ಲೇ ಕುಳಿತು ಟೇಪ್ ಅಂಟಿಸಿ. ಜೊತೆಯವರು ಮುಂದೆ ಹೋದರೆ ಹೋಗಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿರುವವರಿಗೆ ಈ ಉರಿಯೇ ತಿಳಿಯದಿರಬಹುದು, ಅವರು ಮೊದಲೇ ವೈದ್ಯರನ್ನು ಕಾಣಬೇಕು.

ಆಲ್ಬೆರ್ಗೆಗಳಲ್ಲಿ, ಅಂದರೆ ಯಾತ್ರಿಕರ ತಂಗುದಾಣಗಳಲ್ಲಿ, ನಡೆದ ಶೂವನ್ನು ಬಾಗಿಲ ಬಳಿಯ ಕಪಾಟಿನಲ್ಲೇ ಬಿಡಬೇಕಾಗುತ್ತದೆ. ಸ್ನಾನಕ್ಕೂ ಸಂಜೆಯ ಓಡಾಟಕ್ಕೂ ಆಗುವ, ಹಿಂಪಟ್ಟಿಯಿರುವ ಹಗುರ ಸ್ಯಾಂಡಲ್ ಒಯ್ಯಿರಿ. ಶೂ ಕಚ್ಚಿದ ದಿನ ಅದರಲ್ಲೇ ನಡೆಯಬಹುದು.

ಚೀಲದ ತೂಕ ದೇಹದ ತೂಕದ ಹತ್ತನೇ ಒಂದು ಭಾಗವನ್ನು ಮೀರಬಾರದೆಂಬ ರೂಢಿಯ ಮಾತು ಒಳ್ಳೆಯ ಅಳತೆಗೋಲು. ನೀರು ಅದರೊಳಗೇ ಸೇರಿದ್ದರೆ ಇನ್ನೂ ಒಳ್ಳೆಯದು. ಸುಮಾರು 35 ಲೀಟರಿನ ಚೀಲ, ಸೊಂಟದ ಪಟ್ಟಿ ಭಾರ ಹೊರುವಂತಹದ್ದು, ಸಾಕಾಗುತ್ತದೆ. ಹಾಕಿಕೊಂಡದ್ದಲ್ಲದೆ ಒಂದು ಜೊತೆ ಬಟ್ಟೆ, ತೆಳುವಾದ ಬೆಚ್ಚನೆಯ ಮೇಲಂಗಿ, ಚೀಲವನ್ನೂ ಮುಚ್ಚುವ ಪೊಂಚೊ (ಮಳೆಗೆ ಹೊದೆಯುವ ಸಡಿಲ ಅಂಗಿ), ಹಗುರವಾದ ಸ್ಲೀಪಿಂಗ್ ಬ್ಯಾಗ್. ದಾರಿ ಪಶ್ಚಿಮಕ್ಕೆ ಸಾಗುವುದರಿಂದ ದಿನದ ಹೆಚ್ಚಿನ ಹೊತ್ತು ಬಿಸಿಲು ಎಡಗಡೆಯಿಂದ ಬೀಳುತ್ತದೆ. ಅಂಚು ಅಗಲವಾದ ಟೋಪಿ ಇಲ್ಲದಿದ್ದರೆ ಎಡಗಿವಿ ಸುಡುತ್ತದೆ.

ಊರುಗೋಲುಗಳನ್ನು ನಾನು ಒತ್ತಾಯಿಸಿಯೇ ಹೇಳುತ್ತೇನೆ, ಏಕೆಂದರೆ ಮೇಲೆ ಹೇಳಿದ ಇಳಿಜಾರುಗಳಲ್ಲಿ ಎತ್ತರದ ಬೂಟಿಗಿಂತ ಅವೇ ನಿಮ್ಮನ್ನು ಹೆಚ್ಚು ಕಾಪಾಡುತ್ತವೆ. ಡಾಂಬರಿನ ಮೇಲೆ ನಡೆಯುವಾಗ ತುದಿಗೆ ರಬ್ಬರ್ ಟೊಪ್ಪಿ ಹಾಕಿ. ವಿಮಾನದಲ್ಲಿ ಅವನ್ನು ಒಪ್ಪಿಸುವ ಸಾಮಾನಿನಲ್ಲಿಡುವುದೇ ಕ್ಷೇಮ.

ಇಷ್ಟಾದರೂ ಯಾವುದೋ ದಿನ ಮಂಡಿ ನೋಯುತ್ತಿದ್ದರೆ, ಚೀಲವನ್ನು ಮುಂದಿನ ತಂಗುದಾಣಕ್ಕೆ ವಾಹನದಲ್ಲಿ ಸಾಗಿಸುವ ಸೇವೆಗಳು ದಾರಿಯುದ್ದಕ್ಕೂ ಸಿಗುತ್ತವೆ. ಇದರಿಂದ ಯಾತ್ರೆ ನಡೆದು ಮುಗಿಸಿದವರಿಗೆ ಸಾಂತಿಯಾಗೊದಲ್ಲಿ ಕೊಡುವ ಪ್ರಮಾಣಪತ್ರಕ್ಕೆ ಅಡ್ಡಿಯಿಲ್ಲ. ಆದರೆ ಕೆಲವು ಸಾರ್ವಜನಿಕ ಆಲ್ಬೆರ್ಗೆಗಳು ಹೀಗೆ ಕಳುಹಿಸಿದ ಚೀಲವನ್ನು ಸ್ವೀಕರಿಸುವುದಿಲ್ಲವಾದ್ದರಿಂದ, ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ.