ದಿನಾ ಅದೇ ಗೋಳು ಅಂತ ತಂಗಿ ಅಂದಳು

ಸುಜಾತ ಅಂತ ಕರೆಯೋಣ. ಅವರ ನಿಜವಾದ ಹೆಸರು ಬೇರೆ. ಊರು ತುಮಕೂರು ಕಡೆ ಅಂತ ಇಟ್ಟುಕೊಳ್ಳಿ, ಗುರುತು ಸಿಗುವ ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿದ್ದಾರೆ. "ಬರೀರಿ ಮೇಡಂ, ನಮ್ಮ ನಾದಿನಿ ಓದಲಿ" ಅಂದರು. ಎರಡು ನಿಮಿಷ ಬಿಟ್ಟು, "ಬೇಡ ಬೇಡ, ಅವಳಿಗೆ ಗೊತ್ತಾಗದ ಹಾಗೆ ಬರೀರಿ" ಅಂತಲೂ ಅಂದರು.

ವಯಸ್ಸು 43. ಗಂಡ ಗೂಡ್ಸ್ ಗಾಡಿ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ರಾತ್ರಿ ಮನೆಯಲ್ಲಿರುವುದಿಲ್ಲ. ಮಗ ಸೆಕೆಂಡ್ ಪಿಯುಸಿ. ಅತ್ತೆಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ, ನುಂಗುವುದೂ ಕಷ್ಟ. ನೀರನ್ನು ಲೋಟದಲ್ಲಿ ಕೊಟ್ಟರೆ ನೆತ್ತಿಗೇರುತ್ತದೆ. ದಿಂಬು ಒರಗಿಸಿ ಕೂರಿಸಿ, ಚಮಚದಲ್ಲಿ ಒಂದೊಂದೇ ಗುಟುಕು ಕುಡಿಸಬೇಕು. ಬೆನ್ನು ಹುಣ್ಣಾಗದಿರಲಿ ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ಇಷ್ಟು ಮುಗಿಸಿ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋಕೆ ಹೋಗಬೇಕು, ಆ ಹೊತ್ತಿನಲ್ಲಿ ಪಕ್ಕದ ಮನೆಯವರೊಬ್ಬರು ಬಂದು ನೋಡಿಕೊಳ್ಳುತ್ತಾರೆ, ತಿಂಗಳಿಗೆ 4000 ರೂಪಾಯಿಗೆ.

ನಾನು ಆಪ್ತಸಮಾಲೋಚಕಿ. ಆದರೆ ಸುಜಾತ ನನ್ನ ಹತ್ತಿರ ಬಂದಿದ್ದು ಅತ್ತೆಯ ವಿಷಯಕ್ಕಲ್ಲ. ತಂಗಿಯ ವಿಷಯಕ್ಕೆ.

ತಂಗಿ ಇರುವುದು ಹಾಸನದಲ್ಲಿ. ದಿನಾ ರಾತ್ರಿ ಒಂಬತ್ತೂವರೆಗೆ ಫೋನ್. ಮುಸುರೆ ತಿಕ್ಕುತ್ತಾ, ಫೋನನ್ನು ಕಿವಿಗೂ ಭುಜಕ್ಕೂ ಮಧ್ಯೆ ಒತ್ತಿ ಹಿಡಿದು, ಒಂದು ಗಂಟೆ ಮಾತು. ಅತ್ತೆ ಹಾಗಂದರು, ನಾದಿನಿ ಹೀಗಂದಳು, ಇವರು ಬಾಯೇ ಬಿಡಲಿಲ್ಲ. ಒಂದು ದಿನ ತಂಗಿ ಅಂದಳಂತೆ: "ಅಕ್ಕಾ, ದಿನಾ ಅದೇ ಗೋಳು. ಕೇಳಿ ಕೇಳಿ ನನಗೂ ತಲೆ ಕೆಡುತ್ತೆ."

ಅಲ್ಲಿಗೆ ಮಾತು ನಿಂತಿತು. ಮೂರು ವಾರ. "ಇದ್ದದ್ದು ಒಂದೇ ಬಾಗಿಲು ಮೇಡಂ, ಅದನ್ನೂ ಹಾಕಿಬಿಟ್ಟಳು." ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬರು "ಊಟ ಆಯ್ತಾ" ಅಂತ ಕೇಳಿದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತರಂತೆ. ಆಮೇಲೆ ನನ್ನ ಹತ್ತಿರ ಬಂದರು. ಶಕ್ತಿ ಯೋಜನೆ ಇರುವುದರಿಂದ ಬಸ್ ಚಾರ್ಜಿಗೆ ಅಂತ ಯಾರ ಮುಂದೂ ಕೈಚಾಚಲಿಲ್ಲ, ಎಲ್ಲಿಗೆ ಹೋಗ್ತೀಯ ಅಂತ ಯಾರೂ ಕೇಳಲೂ ಇಲ್ಲ. 2023ರ ಜೂನ್‌ನಿಂದ ಈಚೆಗೆ ನನ್ನ ಹತ್ತಿರ ಒಬ್ಬರೇ ಬರುವ ಹೆಂಗಸರು ಜಾಸ್ತಿ ಆಗಿದ್ದಾರೆ. ಇದು ನನ್ನ ಕೋಣೆಯ ಲೆಕ್ಕ ಅಷ್ಟೇ.

ಮೊದಲ ದಿನ ನಾನೇ ತಪ್ಪು ಮಾಡಿದೆ. ಉಸಿರಾಟದ ಅಭ್ಯಾಸ ಹೇಳಿಕೊಡಲು ಹೋದೆ. ನಿಧಾನಕ್ಕೆ ಉಸಿರು ಎಳೆದುಕೊಳ್ಳಿ, ನಾಲ್ಕು ಎಣಿಸಿ ಬಿಡಿ ಅಂತ. ಅವರು ನಕ್ಕುಬಿಟ್ಟರು. "ಮೇಡಂ, ನನಗೆ ಎಣಿಸೋಕೆ ಬಿಡುವಿದ್ದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?" ಸರಿಯಾಗೇ ಕೇಳಿದ್ದರು. ನಿದ್ದೆಯೇ ಇಲ್ಲದವರಿಗೆ ಉಸಿರಿನ ಪಾಠ ಹೇಳಿದರೆ ಹೊಟ್ಟೆ ಹಸಿದವರಿಗೆ ಊಟದ ಶಿಸ್ತು ಹೇಳಿದ ಹಾಗೆ. ಅವತ್ತು ಸುಮ್ನೆ ಕೂತು ಕೇಳಿದೆ.

ಕೇಳುತ್ತಾ ಒಂದು ಸಂಗತಿ ಗಮನಕ್ಕೆ ಬಂತು. ಐವತ್ತು ನಿಮಿಷದಲ್ಲಿ ಒಂದೇ ಘಟನೆ ನಾಲ್ಕು ಸಲ ಬಂತು. ದೀಪಾವಳಿಗೆ ನಾದಿನಿ ಬಂದಿದ್ದಾಗ ಅತ್ತೆ ತೊದಲುತ್ತಾ "ಇವಳು ನೀರೂ ಕೊಡಲ್ಲ" ಅಂದಿದ್ದರಂತೆ. ನಾದಿನಿ ಏನೂ ಅನ್ನಲಿಲ್ಲ, ಸುಜಾತಳನ್ನು ಒಂದು ಸಲ ನೋಡಿದಳಷ್ಟೇ. ಆ ನೋಟವನ್ನು ಪ್ರತಿ ಸಲ ಹೇಳುವಾಗಲೂ ಸುಜಾತರ ದನಿ ಏರುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ನಾಲ್ಕನೇ ಸಲ ಹೇಳುವಾಗ ಮೊದಲ ಸಲಕ್ಕಿಂತ ಜಾಸ್ತಿ ಸಿಟ್ಟಿನಲ್ಲಿದ್ದರು.

ಹೇಳಿಕೊಂಡರೆ ಹಗುರಾಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಅರ್ಧ ನಿಜ. ಬ್ರಾಡ್ ಬುಶ್‌ಮನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 600 ವಿದ್ಯಾರ್ಥಿಗಳಿಗೆ ಮೊದಲು ಸಿಟ್ಟು ಬರಿಸಿದರು. ಕೆಲವರಿಗೆ ಸಿಟ್ಟು ಬರಿಸಿದವನನ್ನೇ ನೆನೆದುಕೊಂಡು ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು, ಕೆಲವರನ್ನು ಸುಮ್ಮನೆ ಕೂರಿಸಿದರು. ಗುದ್ದಿದವರ ಸಿಟ್ಟೇ ಜಾಸ್ತಿ ಉಳಿಯಿತು. ನಾನು ಸುಜಾತರಿಗೆ ಇದನ್ನೆಲ್ಲ ಹೇಳಲಿಲ್ಲ. ಕಜ್ಜಿ ಕೆರೆದುಕೊಳ್ಳುವಾಗ ಹಾಯ್ ಅನಿಸುತ್ತೆ, ಬಿಟ್ಟ ಮೇಲೆ ಉರಿಯುತ್ತೆ, ಮತ್ತೆ ಕೆರೆಯೋಣ ಅನಿಸುತ್ತೆ, ನಿಮ್ಮ ಒಂಬತ್ತೂವರೆ ಫೋನ್ ಹಾಗಾಗಿದೆಯಾ ಅಂತ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. "ಫೋನ್ ಇಟ್ಟ ಮೇಲೆ ನಿದ್ದೆ ಬರ್ತಿರಲಿಲ್ಲ" ಅಂದರು.

ಎರಡನೇ ಭೇಟಿಯಲ್ಲಿ "ಎಲ್ಲಾದ್ರೂ ಹೋಗಿಬಿಡೋಣ ಅನಿಸುತ್ತೆ" ಅಂದರು. ಇಂಥ ಮಾತನ್ನು ಹಾಗೇ ದಾಟಿಸಬಾರದು. ಹೋಗೋದು ಅಂದ್ರೆ ಸಾಯೋದಾ ಅಂತ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಎಷ್ಟೋ ಜನಕ್ಕೆ ಕೇಳಿದ್ದೇ ಸಮಾಧಾನ ಆಗುತ್ತದೆ. ಸುಜಾತ, "ಅಯ್ಯೋ ಇಲ್ಲ ಮೇಡಂ, ಧರ್ಮಸ್ಥಳಕ್ಕೆ ಹೋಗಿ ಎರಡು ದಿನ ಮಲಗಬೇಕು ಅಂತ" ಅಂದರು. ಇಬ್ಬರೂ ನಕ್ಕೆವು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಬಾರದೆ, ಊಟ ಸೇರದೆ, ಬಿಡುವು ಸಿಕ್ಕರೂ ನಿದ್ದೆ ಬಾರದೆ ಹೋದರೆ ನನ್ನ ಮಾತು ಸಾಲುವುದಿಲ್ಲ, ಡಾಕ್ಟರನ್ನೇ ನೋಡಬೇಕು ಅಂತಲೂ ಹೇಳಿದೆ. ಅವರಿಗೆ ಬಿಡುವು ಸಿಕ್ಕರೆ ಕೂತಲ್ಲೇ ನಿದ್ದೆ ಬರುತ್ತಿತ್ತು.

ಅತ್ತೆಯ ಮಾತಿನ ಬಗ್ಗೆ ಕೇಳಿದರು. ಲಕ್ವ ಆದವರಿಗೆ ಕೆಲವೊಮ್ಮೆ ಮನಸ್ಸಿನಲ್ಲಿರುವುದು ಒಂದು, ಬಾಯಿಗೆ ಬರುವ ಪದ ಇನ್ನೊಂದು. ಕಾರಣವಿಲ್ಲದೆ ಅಳು ಬರುತ್ತದೆ, ಸಿಟ್ಟು ಬರುತ್ತದೆ. ಲೋಟದಲ್ಲಿ ಗಟಗಟ ಕುಡಿಯುವ ಹಾಗಿಲ್ಲವಲ್ಲ ಅನ್ನುವ ಸಂಕಟವೂ ಆ ಮಾತಿನಲ್ಲಿ ಇದ್ದಿರಬಹುದು. ಚುಚ್ಚೋಕೇ ಅಂದಿರಲೂಬಹುದು. ನನಗಂತೂ ಹೇಳೋಕಾಗಲ್ಲ ಅಂದೆ. ಯಾವುದೇ ಆದರೂ ನಿಮಗೆ ನೋವಾಗಿದ್ದು ನಿಜ, ಪಾಪ ಕಾಯಿಲೆಯವರು ಅಂತ ಅದನ್ನು ನುಂಗಿಕೊಳ್ಳಬೇಕಿಲ್ಲ.

ಆಮೇಲೆ ಕೊಟ್ಟ ಸಲಹೆಗಳು ತೀರಾ ಸಾದಾ. ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಆ ದೀಪಾವಳಿಯ ಬಗ್ಗೆ ಬರೆಯಿರಿ. ಏನಾಯಿತು ಅನ್ನುವುದರ ಜೊತೆಗೆ ನನಗೇನನಿಸಿತು, ಯಾಕೆ ಇಷ್ಟು ನಾಟಿತು ಅಂತಲೂ ಬರೆಯಿರಿ. ಕಾಗುಣಿತ ನೋಡಬೇಡಿ, ಬರೆದು ಹರಿದುಹಾಕಿದರೂ ಸರಿ. ಇದು ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪರೀಕ್ಷಿಸಿದ ವಿಧಾನ. ಬರೆದ ಕೂಡಲೇ ಇನ್ನಷ್ಟು ಬೇಜಾರಾಗಬಹುದು, ಮೊದಲೇ ಹೇಳಿದ್ದೆ. ಅವರು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದರು. ಮೂರನೇ ದಿನ ಬರೆದ ಒಂದು ಸಾಲು ನನಗೆ ಓದಿ ಹೇಳಿದರು: "ನಾನು ಮಾಡ್ತಿರೋದು ಯಾರಾದ್ರೂ ಒಬ್ರು ನೋಡ್ಬೇಕು."

ಅಲ್ಲಿಂದ ದಾರಿ ಕಾಣಿಸಿತು. ಎರಡು ವರ್ಷ ತಂಗಿಗೆ ಹೇಳಿದ್ದು ನಾದಿನಿ ಮತ್ತು ಗಂಡ ನೋಡಬೇಕಾಗಿದ್ದ ವಿಷಯ. ಅವರಿಗೆ ಒಂದು ದಿನವೂ ಹೇಳಿರಲಿಲ್ಲ! ಲೆಕ್ಕ ಬರೆಯುವವರಲ್ಲವೇ, ಮೂರು ದಿನದ ಕೆಲಸವನ್ನು ಗಂಟೆ ಹಾಕಿ ಪಟ್ಟಿ ಮಾಡಿ ಅಂದೆ. ರಾತ್ರಿ 11, 1, 3, 5, ಎದ್ದಿದ್ದೆಲ್ಲ ಬರಲಿ. ಆ ಪಟ್ಟಿಯನ್ನು ಗಂಡನಿಗೆ ತೋರಿಸಿ, ಬೈಗುಳ ಬೇಡ, ಕಣ್ಣೀರೂ ಬೇಡ, ಒಂದೇ ಒಂದು ಕೇಳಿಕೆ ಇಡಿ: ನೀವು ಮನೆಯಲ್ಲಿರುವ ಮೂರು ರಾತ್ರಿ ನಾನು ಮಗನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತೇನೆ.

ಗಂಡ ಪಟ್ಟಿ ನೋಡಿ "ಇಷ್ಟೊಂದಾ?" ಅಂದರಂತೆ. ಒಪ್ಪಿದರು. ಮೊದಲ ವಾರ ಮೂರರಲ್ಲಿ ಒಂದೇ ರಾತ್ರಿ ನಡೆಯಿತು, ಇನ್ನೆರಡು ದಿನ "ನನಗೆ ಎಚ್ಚರಾನೇ ಆಗಲ್ಲ ಕಣೇ" ಅಂದರು. ಮೊಬೈಲಿನಲ್ಲಿ ಅಲಾರಂ ಇದೆಯಲ್ಲ ಅಂತ ಸುಜಾತ ಕೇಳಿದ್ದು ಎರಡನೇ ವಾರ. ಮಾತಿನಲ್ಲಿ ಸುಲಭ, ಮನೆಯಲ್ಲಿ ಕಷ್ಟ.

ತಂಗಿಗೆ ಏನು ಹೇಳಬೇಕು ಅನ್ನುವುದನ್ನು ನನ್ನ ಕೋಣೆಯಲ್ಲೇ ಎರಡು ಸಲ ಅಭ್ಯಾಸ ಮಾಡಿದೆವು. "ಹತ್ತು ನಿಮಿಷ ನನ್ನದು ಕೇಳ್ತೀಯಾ? ಉಪಾಯ ಹೇಳಬೇಡ. ಆಮೇಲೆ ನಿನ್ನದು ಹೇಳು. ಇವತ್ತು ಆಗಲ್ಲ ಅಂದ್ರೆ ಆಗಲ್ಲ ಅನ್ನು, ನನಗೆ ಬೇಜಾರಿಲ್ಲ." ಕೊನೆಯ ಮಾತು ಮಾತ್ರ ಬಾಯಿಗೆ ಬರಲೇ ಇಲ್ಲ. ಬೇಜಾರಾಗುತ್ತೆ ಮೇಡಂ, ಸುಳ್ಳು ಯಾಕೆ ಹೇಳಲಿ ಅಂದರು. ಸರಿ, ಅದನ್ನು ಬಿಡಿ ಅಂದೆ. ಫೋನ್ ಮಾಡಿದಾಗ ಇವರು ಬಾಯಿ ತೆರೆಯುವ ಮೊದಲೇ ತಂಗಿ ಅತ್ತಳಂತೆ. ಅವಳ ಗಂಡನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಇವರಿಗೆ ಗೊತ್ತೇ ಇರಲಿಲ್ಲ.

ಐದನೇ ಭೇಟಿಗೆ ಬಂದಾಗ ನಾದಿನಿಯ ಸುದ್ದಿ ತಂದಿದ್ದರು. ಯುಗಾದಿಗೆ ಬಂದಿದ್ದಳಂತೆ. ಅತ್ತೆ ಮತ್ತೆ ಅದೇ ಮಾತು ತೆಗೆದರು, ನೀರು ಕೊಡಲ್ಲ ಅಂತ. ಸುಜಾತ ಏನೂ ಅನ್ನದೆ ಒಳಗೆ ಹೋಗಿ ಅರ್ಧ ಲೋಟ ನೀರು, ಒಂದು ಚಮಚ ತಂದು ನಾದಿನಿಯ ಕೈಗೆ ಕೊಟ್ಟು, "ನೀನೇ ಕುಡಿಸಮ್ಮ, ದಿಂಬು ಒರಗಿಸಿಕೋ" ಅಂದರಂತೆ. ಕುಡಿಸಿ ಮುಗಿಸೋಕೆ ಇಪ್ಪತ್ತೈದು ನಿಮಿಷ ಹಿಡಿಯಿತಂತೆ. ಸುಜಾತ ಅಷ್ಟು ಹೊತ್ತೂ ಅಲ್ಲೇ ಕೂತು ಬಟಾಣಿ ಸುಲಿದರಂತೆ.