ಆ ನರ ಬೇರೆ, ಈ ನರ ಬೇರೆ

ಕಟಪಾಡಿಯ ಓದುಗರೊಬ್ಬರ ಪತ್ರ: "ನನ್ನ ಅಕ್ಕನಿಗೆ 41 ವರ್ಷ. ಆರು ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಮಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ವಾರಕ್ಕೊಂದರಂತೆ ಎಂಟು ವಿಟಮಿನ್ ಡ್ರಿಪ್ ಹಾಕಿಸಿದೆವು. ಹಾಕಿಸಿದ ಮೇಲೆ ಎರಡು ದಿನ ಲವಲವಿಕೆಯಿಂದ ಇರುತ್ತಾರೆ. ಮೂತ್ರ ಕಡು ಹಳದಿಯಾಗಿ ಹೋಗುತ್ತದೆ, ಒಳಗಿನ ವಿಷ ಇಳಿಯುತ್ತಿದೆಯಂತೆ. ನರದ ಕಾಯಿಲೆಗೆ ನರಕ್ಕೇ ಮದ್ದು ಕೊಟ್ಟರೆ ಬೇಗ ತಾಗುತ್ತದೆ ಎನ್ನುತ್ತಾರೆ. ಇನ್ನೂ ಎಂಟು ಹಾಕಿಸಬೇಕೇ? ನ್ಯೂರಾಲಜಿಸ್ಟ್ ಕೊಟ್ಟ ಮಾತ್ರೆ ನಿಲ್ಲಿಸಬಹುದೇ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮಾತ್ರೆ ನಿಲ್ಲಿಸಬೇಡಿ. ಎಂಎಸ್ ಹತೋಟಿಗೆ ಕೊಡುವ ಫಿಂಗೋಲಿಮಾಡ್‌ನಂಥ ಮದ್ದನ್ನು ಏಕಾಏಕಿ ಬಿಟ್ಟವರಲ್ಲಿ ರೋಗ ಮೊದಲಿಗಿಂತ ಜೋರಾಗಿ ಮರುಕಳಿಸಿದ್ದುಂಟು. ಬಿಡುವುದು, ಬದಲಿಸುವುದು ಏನಿದ್ದರೂ ಬರೆದುಕೊಟ್ಟ ವೈದ್ಯರ ಎದುರು ಕೂತು ಮಾತಾಡಿಯೇ ಆಗಬೇಕು.

ಇನ್ನು "ನರಕ್ಕೇ ಮದ್ದು" ಎಂಬ ಮಾತು. ನಿಮ್ಮ ಪತ್ರವನ್ನು ಆರಿಸಿಕೊಂಡದ್ದೇ ಈ ಮಾತಿಗಾಗಿ. ನಮ್ಮ ಆಡುಮಾತಿನಲ್ಲಿ ರಕ್ತ ಹರಿಯುವ ನಾಳವೂ ನರ, ಮಿದುಳಿನ ಸಂದೇಶ ಒಯ್ಯುವ ತಂತುವೂ ನರ. "ನರ ಸಿಗುತ್ತಿಲ್ಲ" ಎಂದು ನರ್ಸ್ ಮೊಣಕೈ ತಟ್ಟಿ ಹುಡುಕುವುದು ರಕ್ತನಾಳವನ್ನು. ಎಂಎಸ್‌ನಲ್ಲಿ ಕೆಡುವುದು ಮಿದುಳು ಮತ್ತು ಬೆನ್ನುಹುರಿಯ ತಂತುಗಳಿಗೆ ಹೊದಿಸಿದ ಮಯಲಿನ್ ಪೊರೆ. ಅದನ್ನು ಕೆಡಿಸುವುದು ಶರೀರದ್ದೇ ರೋಗನಿರೋಧಕ ಶಕ್ತಿ. ಕೈಯ ನಾಳಕ್ಕೆ ಬಿಟ್ಟ ವಿಟಮಿನ್ ಇಡೀ ಮೈಯ ರಕ್ತದಲ್ಲಿ ಬೆರೆಯುತ್ತದೆ, ಹೆಚ್ಚಾದದ್ದನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ. ಆ ಕಡು ಹಳದಿ ವಿಷವಲ್ಲ, ರೈಬೋಫ್ಲೇವಿನ್, ಅಂದರೆ ಬಿ2. ದುಡ್ಡು ಕೊಟ್ಟು ಏರಿಸಿದ ವಿಟಮಿನ್ನೇ ಅಷ್ಟು ಬೇಗ ಇಳಿದುಹೋಗುತ್ತಿದೆ.

ಆದರೆ ಅಕ್ಕನಿಗೆ ಎರಡು ದಿನ ಹಾಯೆನಿಸಿದ್ದು ಸುಳ್ಳಲ್ಲ. ಅದಕ್ಕೆ ಕಾರಣ ಬಾಟ್ಲಿಯ ನೀರಿನಲ್ಲಿದೆ ಎಂದು ನನ್ನ ನಂಬಿಕೆ. ಎಂಎಸ್ ಇರುವವರಲ್ಲಿ ಬಹಳ ಮಂದಿಗೆ ಮೂತ್ರದ ಅವಸರ. ಬಸ್ಸಿನಲ್ಲಿ, ಮದುವೆಮನೆಯಲ್ಲಿ ಮಾನ ಹೋದೀತೆಂಬ ಹೆದರಿಕೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನಮ್ಮ ಏಪ್ರಿಲ್‌ನ ಸೆಕೆಯಲ್ಲಿ ಹಾಗೆ ಒಣಗಿದ ಮೈಗೆ 500 ಮಿಲಿ ಸಲೈನ್ ಬಿದ್ದರೆ ಜೀವ ಬಂದಂತಾಗುತ್ತದೆ. ಜೊತೆಗೆ ಎಸಿ ಕೋಣೆಯಲ್ಲಿ ಒಂದು ಗಂಟೆ ಮಲಗಿ ಮೈ ತಣ್ಣಗಾಗಿರುತ್ತದೆ, ಪಕ್ಕದಲ್ಲಿ ನೀವು ಕೂತಿರುತ್ತೀರಿ. ಇಂಥದೇ ವಿಟಮಿನ್ ಮಿಶ್ರಣವನ್ನು ಬಾಲ್ಟಿಮೋರಿನ ಡಾ. ಜಾನ್ ಮೈಯರ್ಸ್ ಅವರ ಹೆಸರಿನಿಂದ ಕರೆಯುತ್ತಾರೆ. ಅದನ್ನು ಫೈಬ್ರೊಮಯಾಲ್ಜಿಯಾ ಎಂಬ ಮೈಯೆಲ್ಲ ನೋಯುವ ಕಾಯಿಲೆ ಇದ್ದ 34 ಮಂದಿಯಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ವಾರಕ್ಕೊಂದರಂತೆ ಎಂಟು ವಾರ, ನಿಮ್ಮಲ್ಲಿ ಹಾಕಿದಷ್ಟೇ. ಒಂದು ಗುಂಪಿಗೆ ವಿಟಮಿನ್, ಇನ್ನೊಂದಕ್ಕೆ ವಿಟಮಿನ್ ಇಲ್ಲದ ಬರೀ ಉಪ್ಪುನೀರಿನಂಥ ಆರ್‌ಎಲ್ ದ್ರವ. ಎರಡೂ ಗುಂಪಿನವರಿಗೆ ನೋವು ಕಡಿಮೆಯಾಯಿತು, ಗುಂಪುಗಳ ನಡುವೆ ಗಟ್ಟಿಯಾದ ವ್ಯತ್ಯಾಸ ಸಿಗಲಿಲ್ಲ.

ನಾಳದ ಮೂಲಕ ಕೊಡುವುದೆಲ್ಲ ವ್ಯರ್ಥ ಎನ್ನುವುದಿಲ್ಲ. ಎಂಎಸ್ ಮರುಕಳಿಸಿದಾಗ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ 1 ಗ್ರಾಂನಂತೆ ಮೂರರಿಂದ ಐದು ದಿನ ಹಾಕುತ್ತಾರೆ, ರೋಗ ಹತೋಟಿಯ ಒಕ್ರೆಲಿಜುಮ್ಯಾಬ್ ಮದ್ದನ್ನೂ ಡ್ರಿಪ್‌ನಲ್ಲಿ ಕೊಡುವುದುಂಟು. ಆದರೆ ಆ ಸ್ಟೀರಾಯ್ಡನ್ನು ಅಷ್ಟೇ ಪ್ರಮಾಣದಲ್ಲಿ ಬಾಯಿಯಿಂದ ಕೊಟ್ಟರೂ ಫಲ ಕಡಿಮೆಯಾಗದೆಂದು 2015ರ ಫ್ರೆಂಚ್ ಅಧ್ಯಯನ ತೋರಿಸಿತು. ವಿಟಮಿನ್ ಡಿ ಕುರಿತು 2025ರಲ್ಲಿ ಬಂದ, ಒಂದಷ್ಟು ಆಸೆ ಹುಟ್ಟಿಸುವ ಅಧ್ಯಯನದಲ್ಲೂ ಕೊಟ್ಟದ್ದು ಎರಡು ವಾರಕ್ಕೊಮ್ಮೆ 1,00,000 ಯೂನಿಟ್, ಬಾಯಿಯಿಂದಲೇ. ಅದೂ ಮೊದಲ ಲಕ್ಷಣ ಆಗಷ್ಟೇ ಕಂಡವರಿಗೆ. ಹಿಂದಿನ ಹಲವು ಅಧ್ಯಯನಗಳಲ್ಲಿ ಇಂಥ ಲಾಭ ಸ್ಪಷ್ಟವಾಗಿರಲಿಲ್ಲ. ವೈದ್ಯರನ್ನು ಕೇಳದೆ ಆ ಪ್ರಮಾಣ ನುಂಗಬೇಡಿ.

ಬಾಟ್ಲಿಗೆ ಬೆರೆಸುವ ಆಂಪೂಲ್‌ಗಳು ನಿರುಪದ್ರವಿಗಳೆಂಬ ಭಾವನೆಯನ್ನೂ ಬಿಡಬೇಕು. ಮೆಗ್ನೀಸಿಯಂ ರಭಸವಾಗಿ ಹೋದರೆ ಮೈ ಬಿಸಿಯೇರಿ ಬಿಪಿ ಇಳಿಯುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತದೆ. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ, ಜಿ6ಪಿಡಿ ಕಿಣ್ವದ ಕೊರತೆಯಿದ್ದವರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲವು ಗ್ಲುಕೋಮೀಟರ್‌ಗಳು ಅದನ್ನೇ ಸಕ್ಕರೆಯೆಂದು ಎಣಿಸಿ ತಪ್ಪು ಅಂಕಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ ಏನಾದೀತು ಯೋಚಿಸಿ. ಬಿ1 ನಾಳಕ್ಕೆ ಹೋದಾಗ ಅಪರೂಪಕ್ಕೆ ಅಲರ್ಜಿ ಉಸಿರು ಕಟ್ಟಿಸುವಷ್ಟು ಜೋರಾಗುತ್ತದೆ. ಆ ಕೋಣೆಯಲ್ಲಿ ಅದಕ್ಕೆ ತುರ್ತಾಗಿ ಕೊಡುವ ಅಡ್ರಿನಲಿನ್ ಇತ್ತೇ? ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಜಿ6ಪಿಡಿ ನೋಡಿದ್ದರೇ? ಏನೇನು ಎಷ್ಟೆಷ್ಟು ಹಾಕಿದರೆಂದು ಚೀಟಿ ಕೊಟ್ಟರೇ? ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ನಾವು ಇಷ್ಟನ್ನಾದರೂ ಕೇಳಬೇಕಿತ್ತು.

ಬಿ6 ಬಗ್ಗೆ ಬೇರೆಯೇ ಹೇಳಬೇಕು. ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಹೋದರೆ ಆ ವಿಟಮಿನ್ನೇ ಪಾದಕ್ಕೆ ಜೋಮು, ಉರಿ ತರುತ್ತದೆ. ಅದನ್ನು ಎಂಎಸ್‌ನ ಲಕ್ಷಣವೆಂದುಕೊಂಡು ಇನ್ನಷ್ಟು ಬಿ ಕಾಂಪ್ಲೆಕ್ಸ್ ಕೊಡುವ ಅಪಾಯವಿದೆ. ಬಿ12 ಕಥೆ ಹಾಗಲ್ಲ. ಅದರ ಕೊರತೆ ಬೆನ್ನುಹುರಿಯ ಮಯಲಿನ್ನನ್ನೇ ಕೆಡಿಸಿ ಎಂಎಸ್‌ನಂತೆ ಕಾಣಿಸಬಲ್ಲದು. ಮೀನು ಮೊಟ್ಟೆ ಮುಟ್ಟದ ಮನೆಗಳಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಎದೆಯುರಿಯ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಇದನ್ನು ಅಳೆಯಲೇಬೇಕು, ಅದೂ ಚುಚ್ಚುಮದ್ದು ಹಾಕುವ ಮೊದಲು. ಹಾಕಿದ ಮೇಲೆ ಅಳೆದರೆ ಅಂಕಿ ಮೇಲಿರುತ್ತದೆ, ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಕೊರತೆ ಇದ್ದರೆ 1000 ಮೈಕ್ರೊಗ್ರಾಂ ಸೂಜಿಯನ್ನು ವೈದ್ಯರು ಹೇಳಿದಷ್ಟು ಸಲ ಸ್ನಾಯುವಿಗೆ ಕೊಟ್ಟರೆ ಸಾಕು, ಬಾಟ್ಲಿ ಬೇಡ.

ನಮ್ಮ ಕರಾವಳಿಯಲ್ಲಿ ಬಾಟ್ಲಿ ಏರಿಸದ ಡಾಕ್ಟರಿಗೆ ಮದ್ದು ಗೊತ್ತಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಸಕ್ಕರೆ ಬೆರೆಸಿದ ಅರ್ಧ ಲೀಟರ್ ಸಲೈನ್, ಅಂದರೆ ಡಿಎನ್‌ಎಸ್‌ನಲ್ಲಿರುವ ಸಕ್ಕರೆ 25 ಗ್ರಾಂ, ನೂರು ಕ್ಯಾಲೊರಿಯೂ ಪೂರಾ ಇಲ್ಲ. ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿಯಲ್ಲಿ ಅದಕ್ಕಿಂತ ಹೆಚ್ಚು ಸತ್ವ, ಪಕ್ಕದಲ್ಲೊಂದು ಬೂತಾಯಿ ಮೀನು ಇದ್ದರೆ ಬಿ12, ಡಿ ಎರಡೂ ಇವೆ. ನುಂಗಲು ಬರುವ ಬಾಯಿ, ಅರಗಿಸುವ ಹೊಟ್ಟೆ ಇರುವಾಗ ನಾಳ ಚುಚ್ಚುವ ಈ ಅಭ್ಯಾಸದಿಂದ ನಿಜವಾದ ಆರೈಕೆ ಮೂಲೆಗೆ ಬಿದ್ದಿದೆ. ಫಿಸಿಯೋಥೆರಪಿಗೆ ವಾರಕ್ಕೆರಡು ದಿನ ಹೋಗಿ ಎಂದರೆ ದೂರ, ದುಬಾರಿ ಎನ್ನುತ್ತೇವೆ, ಬಾಟ್ಲಿಗೆ ಮಾತ್ರ ಸಾಲವಾದರೂ ಸರಿ.

ಅಕ್ಕನ ಸ್ನಾನ ಹೇಗೆ ಎಂದು ನೀವು ಬರೆದಿಲ್ಲ. ಹಂಡೆಯ ಕುದಿನೀರು ಎಂಎಸ್‌ಗೆ ಆಗದು. ಹಲವರಿಗೆ ಮೈಯ ಶಾಖ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಪೊರೆ ಹೋದ ತಂತುವಿನಲ್ಲಿ ಸಂದೇಶ ನಿಂತುಹೋಗಿ ಕಣ್ಣು ಮಂಜಾಗುತ್ತದೆ, ಕಾಲು ಬತ್ತಿಯಂತಾಗುತ್ತದೆ, ಬಚ್ಚಲಲ್ಲೇ ಬೀಳುತ್ತಾರೆ. ದೇಹ ದಣಿದಾಗ ಎಂಎಸ್ ಇರುವವರ ಕಣ್ಣು ಮಂಜಾಗುವುದನ್ನು 1890ರಲ್ಲೇ ಜರ್ಮನಿಯ ಕಣ್ಣಿನ ವೈದ್ಯ ಊಥಾಫ್ ಗುರುತಿಸಿದ್ದರು. ಉಗುರುಬೆಚ್ಚಗಿನ ನೀರು ಸಾಕು. ಒಂದು ಸ್ಟೂಲು, ಗೋಡೆಗೊಂದು ಹಿಡಿಕೆ ಇರಲಿ. ಮನೆಗೆಲಸ ಬಿಸಿಲೇರುವ ಮೊದಲೇ ಮುಗಿಯಲಿ, ಕುತ್ತಿಗೆಗೆ ಒದ್ದೆ ಬೈರಾಸು ಇರಲಿ. ನೀರು ದಿನಕ್ಕೆ ಒಂದೂವರೆ ಎರಡು ಲೀಟರ್, ಬೆಳಗಿನಿಂದ ಸಂಜೆಯೊಳಗೆ ಹಂಚಿ. ಮಲಗುವ ಮೂರು ಗಂಟೆ ಮೊದಲು ಕಡಿಮೆ ಮಾಡಿ. ಎರಡು ಮೂರು ಗಂಟೆಗೊಮ್ಮೆ ಅವಸರ ಬರುವ ಮೊದಲೇ ಶೌಚಾಲಯಕ್ಕೆ ಹೋಗಿ ಬರಲಿ. ಮೂತ್ರ ಹೊಯ್ದ ಮೇಲೆ ಮೂತ್ರಕೋಶದಲ್ಲಿ ಎಷ್ಟು ಉಳಿಯುತ್ತದೆಂದು ಒಮ್ಮೆ ಸ್ಕ್ಯಾನ್ ಮಾಡಿಸಿ. 100 ಮಿಲಿಗಿಂತ ಹೆಚ್ಚಿದ್ದರೆ ವೈದ್ಯರಿಗೆ ಹೇಳಬೇಕು, ಉಳಿದ ಮೂತ್ರದಲ್ಲಿ ಸೋಂಕು ಹತ್ತಿದರೆ ಕೈಕಾಲು ಸೋತು ರೋಗವೇ ಮರುಕಳಿಸಿದಂತೆ ಕಾಣುತ್ತದೆ.

2016ರ ಅಂಗವಿಕಲರ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅಕ್ಕನ ಹೆಸರಿನಲ್ಲಿ ಅರ್ಜಿ ಹಾಕಿದ್ದೀರಾ? ಮುಂದಿನ ಎಂಟು ಬಾಟ್ಲಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಮೊದಲು ಬಚ್ಚಲಿನ ಹಿಡಿಕೆ ಹಾಕಿಸಿ, ಆಮೇಲೆ ಫಿಸಿಯೋಥೆರಪಿಸ್ಟನ್ನು ಗೊತ್ತುಮಾಡಿ.